ಗುಜರಿ ಸಾಮಾನಿನಿಂದ ಕೂತು ಓಡಿಸುವ ಟ್ರ್ಯಾಕ್ ಗಾಡಿ: ಮಾಡಿ ನೋಡಿದವರು ಹೇಳಿ

ಕೇಳಿದ್ದು: ಬ್ರಹ್ಮಾವರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಟ್ಟಿನಲ್ಲಿ, ಕೆಳಗೆ ಬೈಲುಗದ್ದೆ, ಅದರಾಚೆ ಅಡಿಕೆ ತೋಟ. ಮಳೆ ಹಿಡಿದ ಮೇಲೆ ಯಾವ ಚಕ್ರದ ಗಾಡಿಯೂ ಬೈಲು ದಾಟುವುದಿಲ್ಲ. ಗೊಬ್ಬರ, ಸೊಪ್ಪು, ತೆಂಗಿನಕಾಯಿ ಎಲ್ಲ ತಲೆಹೊರೆ, ಹೊರುವ ಜನವೂ ಈಗ ಸಿಗುವುದಿಲ್ಲ. ನಾನು ಐಟಿಐ ಫಿಟ್ಟರ್, ವೆಲ್ಡಿಂಗ್ ಬರುತ್ತದೆ. ಗುಜರಿಯಲ್ಲಿ ಹಳೆ ಆಟೋರಿಕ್ಷಾದ ಪೆಟ್ರೋಲ್ ಇಂಜಿನ್ ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಇಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರು) ಸಮೇತ ಸಿಕ್ಕಿದೆ. ಪಣಂಬೂರು ಕಡೆಯಿಂದ ಹಳೆ ಕನ್ವೇಯರ್ ಬೆಲ್ಟ್ ತರಿಸಬಹುದು. ಒಬ್ಬ ಕೂತು, ಎರಡು ಕ್ವಿಂಟಲ್ ಹೇರಿಕೊಂಡು ಹೋಗುವಂಥ ಟ್ರ್ಯಾಕ್ ಗಾಡಿ, ಅಂದರೆ ಚಕ್ರದ ಬದಲು ಎರಡೂ ಬದಿಗೆ ಬೆಲ್ಟ್ ಸುತ್ತುವ ಗಾಡಿ, ಇದರಲ್ಲಿ ಆಗುತ್ತದಾ? ತಿರುಗಿಸುವುದು ಹೇಗೆ? ಬೆಲ್ಟ್ ಎಷ್ಟು ತಾಳುತ್ತದೆ? ಯೂಟ್ಯೂಬ್ ನೋಡಿ ಸಾಕಾಯಿತು. ನಮ್ಮ ಮಣ್ಣಿನಲ್ಲಿ ಮಾಡಿದವರು ಹೇಳಿದರೆ ಉಪಕಾರ.

ಬೈಕಂಪಾಡಿ, ಫ್ಯಾಬ್ರಿಕೇಶನ್ ಕೆಲಸ

ಆಗ್ತದೆ. ಆದ್ರೆ ನೀವು ಇಂಜಿನ್‌ನಿಂದ ಶುರು ಮಾಡಿದ್ದೀರಿ, ನಾನಾದ್ರೆ ಇಂಜಿನನ್ನು ಕೊನೆಗೆ ನೋಡ್ತೇನೆ. ನಮ್ಮಲ್ಲಿಗೆ ಇಂಥ ಗಾಡಿಗಳು ರಿಪೇರಿಗೆ ಬರುದುಂಟು. ಇಂಜಿನ್ ಎಳೆಯುದಿಲ್ಲ ಅಂತ ಯಾರೂ ತರುದಿಲ್ಲ. ಟ್ರ್ಯಾಕ್ ಕಳಚ್ತದೆ, ತಿರುಗುದಿಲ್ಲ, ಈ ಎರಡೇ ಕಂಪ್ಲೇಂಟು.

ಮೊದಲು ಅಳತೆ. ಟ್ರ್ಯಾಕ್ ನೆಲಕ್ಕೆ ತಾಗುವ ಉದ್ದವನ್ನು ಎರಡು ಟ್ರ್ಯಾಕ್‌ಗಳ ಮಧ್ಯದಿಂದ ಮಧ್ಯಕ್ಕೆ ಇರುವ ಅಗಲದಿಂದ ಭಾಗಿಸಿ. ಉತ್ತರ 1.7 ದಾಟಿದ್ರೆ ಗಾಡಿ ನೇರ ಹೋಗ್ತದೆ, ಆದ್ರೆ ತಿರುಗಲಿಕ್ಕೆ ಒಪ್ಪುದಿಲ್ಲ. ತಿರುಗುವಾಗ ಟ್ರ್ಯಾಕಿನ ಎರಡೂ ತುದಿ ಅಡ್ಡಕ್ಕೆ ಮಣ್ಣನ್ನು ಕೆರೆಯಬೇಕಲ್ಲ, ಉದ್ದ ಹೆಚ್ಚಿದಷ್ಟೂ ಆ ಕೆರೆತಕ್ಕೆ ಬೇಕಾದ ಬಲ ಹೆಚ್ತದೆ. ಒಂದಕ್ಕಿಂತ ಕಡಿಮೆಯಾದ್ರೆ ಮೂತಿ ನೇರ ನಿಲ್ಲುದಿಲ್ಲ. ನಿಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರ ಆದ್ರೆ ನಡುವಿನ ಕಣಿ (ನೀರು ಹೋಗುವ ಚರಂಡಿ) ಬಿಟ್ಟು ಎಷ್ಟು ಜಾಗ ಉಳಿತದೆ ಅಂತ ಟೇಪ್ ಹಿಡಿದು ನೋಡಿ. ಹೊರ ಅಗಲ ಮೂರಡಿ, ಮಧ್ಯದಿಂದ ಮಧ್ಯಕ್ಕೆ 70 ಸೆಂ.ಮೀ., ನೆಲಕ್ಕೆ ತಾಗುದು 110 ಸೆಂ.ಮೀ. ಇಟ್ಟರೆ ಲೆಕ್ಕ 1.57 ಬರ್ತದೆ. ಅಲ್ಲಿಗೇ ನಿಲ್ಲಿಸಿ. ಹೊರೆ ಜಾಸ್ತಿ ಹಿಡಿಲಿ ಅಂತ ಉದ್ದ ಮಾಡ್ಲಿಕ್ಕೆ ಹೋಗ್ಬೇಡಿ.

ಇನ್ನು ಬೆಲ್ಟ್. ಉಕ್ಕಿನ ತಂತಿ ಇರುವ ಬೆಲ್ಟ್ ಬೇಡ, ಕತ್ತರಿಸಿ ಸೇರಿಸುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಒಳಗೆ ನೈಲಾನ್ ಬಟ್ಟೆಯ ಪದರ ಇರುವ, ಹತ್ತು ಮಿ.ಮೀ. ದಪ್ಪದ್ದು ಸಾಕು. ಇದಕ್ಕೆ ಡ್ರಿಲ್ ಹಾಕ್ಬೇಡಿ. ಡ್ರಿಲ್ ಬಿಟ್ಟಿಗೆ ನೂಲು ಸುತ್ತಿಕೊಂಡು ತೂತಿನ ಸುತ್ತ ಬಟ್ಟೆ ಸಡಿಲ ಆಗ್ತದೆ, ನೀರು ಅಲ್ಲಿಂದಲೇ ಒಳಗೆ ಇಳಿದು ಪದರ ಬಿಡಿಸ್ತದೆ. ಬೋಲ್ಟಿನ ಸೈಜಿನ ಪೈಪ್ ತುಂಡು ತಗೊಂಡು ತುದಿಯನ್ನು ಹೊರಗಿನಿಂದ ಗ್ರೈಂಡರಿನಲ್ಲಿ ಚೂಪು ಮಾಡಿ, ಬೆಲ್ಟನ್ನು ಮರದ ದಿಮ್ಮಿ ಮೇಲೆ ಇಟ್ಟು ಸುತ್ತಿಗೆಯಲ್ಲಿ ಜೋರಾಗಿ ಒಂದು ಪೆಟ್ಟು. ತೂತು ಉರುಟಾಗಿ ಬರ್ತದೆ, ಬಿಲ್ಲೆ ಪೈಪಿನೊಳಗೆ ಕೂತಿರ್ತದೆ. ನೆಲದ ಬದಿಗೆ ಮಣ್ಣು ಹಿಡಿಯುವ ಅಡ್ಡಪಟ್ಟಿ, ಒಳಬದಿಗೆ ಚಪ್ಪಟೆ ಪಟ್ಟಿ, ನಡುವೆ ಬೆಲ್ಟ್, ಹೀಗೆ ಸ್ಯಾಂಡ್‌ವಿಚ್ ಮಾಡಿ ಬಿಗಿಯಿರಿ. ಬರೀ ವಾಷರ್ ಹಾಕಿದ್ರೆ ಬೋಲ್ಟಿನ ತಲೆ ಬೆಲ್ಟಿನೊಳಗಿಂದ ಕಿತ್ತು ಬರ್ತದೆ. ನಟ್ಟು ನೈಲಾಕ್ (ಅದುರಿದ್ರೂ ಸಡಿಲ ಆಗದ್ದು) ಇರ್ಲಿ. ಒಳಗಿನ ಪಟ್ಟಿಯ ಮೇಲೆ ಎರಡು ಗೈಡ್ ತುಂಡು ನಿಲ್ಲಿಸ್ಬೇಕು, ಗಾಡಿಯ ಭಾರ ಹೊರುವ ರೋಲರ್ ಅವೆರಡರ ನಡುವೆ ಓಡ್ಬೇಕು. ಗೈಡ್ ಇಲ್ಲದ ಟ್ರ್ಯಾಕ್ ಮೊದಲ ತಿರುವಿಗೇ ಕಳಚಿ ಬೀಳ್ತದೆ.

ಅಡ್ಡಪಟ್ಟಿಗಳ ಅಂತರ 8 ಸೆಂ.ಮೀ. ಇಟ್ಟುಕೊಳ್ಳಿ, ಒಟ್ಟು 40 ಪಟ್ಟಿ, ಸುತ್ತಳತೆ 320 ಸೆಂ.ಮೀ. ಜೋಡಣೆ ಬರುವಲ್ಲಿಯೂ ಅದೇ ಅಂತರ ಕೂತುಕೊಳ್ಬೇಕು, ಅರ್ಧ ಪಟ್ಟಿ ಹೆಚ್ಚುಕಮ್ಮಿಯಾದ್ರೆ ಪ್ರತಿ ಸುತ್ತಿಗೂ ಅಲ್ಲಿ ಸ್ಪ್ರಾಕೆಟಿನ (ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ) ಹಲ್ಲು ಹತ್ತಿ ಇಳಿತದೆ. ಸ್ಪ್ರಾಕೆಟ್‌ಗೆ ಲೇತಿಗೆ ದುಡ್ಡು ಹಾಕ್ಬೇಡಿ. ಎರಡು ದಪ್ಪ ಪ್ಲೇಟಿನ ನಡುವೆ ಎಂಟು ರೌಂಡ್ ರಾಡ್ ವೆಲ್ಡ್ ಮಾಡಿದ್ರೆ ಸುಮಾರು 20 ಸೆಂ.ಮೀ. ವ್ಯಾಸದ ಗೂಡಿನ ಹಾಗೆ ಆಗ್ತದೆ. ಮಣ್ಣು ರಾಡುಗಳ ನಡುವಿನಿಂದ ಉದುರಿ ಹೋಗ್ತದೆ. ತಟ್ಟೆಯಂತಿರುವ ಸ್ಪ್ರಾಕೆಟ್ ಆದ್ರೆ ಬೈಲಿನ ಜೇಡಿ ಹಲ್ಲಿನ ಬುಡದಲ್ಲಿ ಮೆತ್ತಿ, ಟ್ರ್ಯಾಕನ್ನು ಮೇಲಕ್ಕೆತ್ತಿ ಬಿಸಾಡ್ತದೆ.

ರೋಲರ್‌ಗೆ ಸುಲಭದ ದಾರಿ: ಬೆಲ್ಟ್ ಕೊಡುವ ಗುಜರಿಯಲ್ಲೇ ಕನ್ವೇಯರಿನ ಐಡ್ಲರ್ ರೋಲರ್ ಕೇಳಿ. ಒಳಗೆ ಬೇರಿಂಗ್, ಸೀಲ್ ಎಲ್ಲ ಉಂಟು. ಧೂಳು, ಮಳೆಯಲ್ಲಿ ಓಡ್ಲಿಕ್ಕೇ ಮಾಡಿದ್ದು. ಕೈಯಲ್ಲಿ ತಿರುಗಿಸಿ ಗರಗರ ಸದ್ದು ಬಂದದ್ದನ್ನು ಬದಿಗಿಡಿ.

ಕೋಟ

ಹ್ವಾಯ್, ಇಂಜಿನ್ ಕೂರ್ಸುಕೆ ಮೊದ್ಲು ಚಾಸಿಗೆ ಟ್ರ್ಯಾಕ್ ಹಾಕಿ ಕೈಯಂಗೆ ದೂಡಿ ಕಾಣಿ. ಇಬ್ರು ದೂಡುಕೆ ಆಯ್ಲಿಲ್ಲ ಅಂದ್ರೆ ಎಲ್ಲೋ ಹಿಡಿತಾ ಇತ್ತ್. ಹಾಂಗೇ ಇಂಜಿನ್ ಹಾಕ್ರೆ ಅದ್ರ ಅರ್ಧ ಶಕ್ತಿ ಅಲ್ಲೇ ತಿಂದ್ ಹೋತ್ತ್.

ಕಟಪಾಡಿ, ರಿಕ್ಷಾ ಮೆಕ್ಯಾನಿಕ್

ನಿಮ್ಮ ಇಂಜಿನ್ ಆಯ್ಕೆಯಲ್ಲಿ ತಪ್ಪೇನಿಲ್ಲ. ಬೈಕಿನ ಇಂಜಿನ್‌ಗಿಂತ ಇದು ಇಂಥ ಕೆಲಸಕ್ಕೆ ಒಳ್ಳೆಯದು, ಎರಡು ಕಾರಣಕ್ಕೆ. ರಿವರ್ಸ್ ಗೇರ್ ಉಂಟು. ಮತ್ತೆ ಬೈಕಿನ ಇಂಜಿನ್ ತಣ್ಣಗಾಗಲಿಕ್ಕೆ ಗಾಡಿ ಓಡಿದ ಗಾಳಿ ಬೇಕು, ರಿಕ್ಷಾದ್ದಕ್ಕೆ ಫ್ಯಾನ್ ಉಂಟು. ಗದ್ದೆಯಲ್ಲಿ ಆಮೆ ಸ್ಪೀಡಿನಲ್ಲಿ ಹೋದರೂ ಗಾಳಿ ಬೀಳ್ತದೆ. ಆ ಫ್ಯಾನಿನ ಮೇಲಿನ ತಗಡಿನ ಕವರ್ ಮಾತ್ರ ತೆಗೆಯಬೇಡಿ. ಅದಿಲ್ಲದಿದ್ದರೆ ಗಾಳಿ ಸಿಲಿಂಡರಿನ ರೆಕ್ಕೆಗಳಿಗೆ ಸಿಗದೆ ಆಚೀಚೆ ಹೋಗ್ತದೆ.

ತಿರುಗಿಸುವ ವಿಷಯ. ಹಿಂದಿನ ಎರಡು ಡ್ರಮ್ ಬ್ರೇಕಿಗೆ ಹೋಗುವ ಪೈಪು ಬೇರೆ ಮಾಡಿ, ಎಡಕ್ಕೊಂದು ಬಲಕ್ಕೊಂದು ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್ ಒತ್ತುವುದು), ಎರಡು ಕೈ ಲಿವರ್ ಹಾಕಿ. ಎಡ ಹಿಡಿದರೆ ಎಡದ ಟ್ರ್ಯಾಕ್ ನಿಲ್ತದೆ, ಡಿಫರೆನ್ಷಿಯಲ್ ಆ ತಿರುಗಾಟವನ್ನೆಲ್ಲ ಬಲಕ್ಕೆ ಕೊಡ್ತದೆ, ಅಂದರೆ ಬಲದ್ದು ಡಬಲ್ ಸ್ಪೀಡಿನಲ್ಲಿ ಓಡ್ತದೆ. ಇದು ಗೊತ್ತಿರಲಿ, ತಿರುಗುವಾಗ ಗಾಡಿ ನಿಧಾನ ಆಗುವುದಿಲ್ಲ, ಹೊರಗಿನ ಟ್ರ್ಯಾಕ್ ಜಿಗಿಯುತ್ತದೆ. ಆದ್ದರಿಂದ ಒಂದನೇ ಗೇರ್, ಆಕ್ಸಿಲರೇಟರ್ ಬಿಟ್ಟು, ಲಿವರ್ ಸ್ವಲ್ಪ ಸ್ವಲ್ಪ ಹಿಡಿದು ಬಿಟ್ಟು ತಿರುಗಿಸಿ. ಒಂದೇ ಕಡೆ ಕಚ್ಚಿ ಹಿಡಿದು ಗಿರಕಿ ಹೊಡೆಸಿದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಪಿನಿಯನ್‌ಗಳಿಗೆ ಆಯಸ್ಸಿಲ್ಲ. ಅವು ರಸ್ತೆಯ ತಿರುವಿಗೆ ಮಾಡಿದ್ದು.

ಡ್ರಮ್ಮಿನೊಳಗೆ ಕೆಸರುನೀರು ಹೋದರೆ ಬ್ರೇಕ್ ಹಿಡಿಯುವುದಿಲ್ಲ, ಬ್ರೇಕ್ ಹಿಡಿಯದಿದ್ದರೆ ಸ್ಟಿಯರಿಂಗೇ ಇಲ್ಲ. ಹಾಗಾಗಿ ಸ್ಪ್ರಾಕೆಟನ್ನು ರಿಕ್ಷಾ ಚಕ್ರ ಕೂರುವ ಹಬ್ಬಿಗೆ ನೇರ ಕೂರಿಸದೆ, ಹಬ್ಬನ್ನು ಎತ್ತರದಲ್ಲಿಟ್ಟು ಅಲ್ಲಿಂದ ಚೈನ್ ಇಳಿಸಿ. ಅಲ್ಲಿಯೇ ಒಂದಕ್ಕೆ ಎರಡು ರಿಡಕ್ಷನ್ ಸಿಗ್ತದೆ. ರಿಕ್ಷಾದ ಟಯರ್ ವ್ಯಾಸ 40 ಸೆಂ.ಮೀ.ಗಿಂತ ತುಸು ಜಾಸ್ತಿ. ಮೇಲಿನವರು ಹೇಳಿದ 20 ಸೆಂ.ಮೀ. ಸ್ಪ್ರಾಕೆಟಿನಿಂದಲೇ ಸ್ಪೀಡ್ ಅರ್ಧ, ಎಳೆತ ಡಬಲ್. ಚೈನ್ ರಿಡಕ್ಷನ್ ಸೇರಿದರೆ ನಾಲ್ಕು ಪಟ್ಟು ಎಳೆತ. ನಿಮ್ಮ ಹೊರೆಗೆ ಧಾರಾಳ.

ಕಿನ್ನಿಗೋಳಿ

ರಿಕ್ಷಾ ಬೇಡ ಅನ್ನುವುದಿಲ್ಲ, ಆದರೆ ಗುಜರಿಯಲ್ಲಿ ಪವರ್ ಟಿಲ್ಲರ್ ಗೇರ್‌ಬಾಕ್ಸ್ ಸಿಕ್ಕಿದರೆ ಬಿಡಬೇಡಿ. ನಮ್ಮ ಕಡೆ ಹಳೇ ಟಿಲ್ಲರ್ ಇಂಜಿನ್ ಕೆಟ್ಟು ಕೊಟ್ಟಿಗೆಯಲ್ಲಿ ಬಿದ್ದಿರುವ ಮನೆ ಬೇಕಾದಷ್ಟುಂಟು. ಅದರಲ್ಲಿ ಎಡಬಲಕ್ಕೆ ಬೇರೆ ಬೇರೆ ಸ್ಟಿಯರಿಂಗ್ ಕ್ಲಚ್ ಕಂಪನಿಯಿಂದಲೇ ಬರುತ್ತದೆ. ಗದ್ದೆಗೆಂದೇ ಮಾಡಿದ ಸೀಲು, ಗದ್ದೆಗೆಂದೇ ಮಾಡಿದ ಗೇರು. ಲಿವರ್ ಹಿಡಿದರೆ ಆ ಬದಿಗೆ ಶಕ್ತಿ ಹೋಗುವುದು ನಿಲ್ಲುತ್ತದೆ.

ಆದರೆ ಒಂದು ಅಪಾಯ ಹೇಳಿಯೇ ಬಿಡುತ್ತೇನೆ, ಯಾಕೆಂದರೆ ನಿಮ್ಮದು ಬೆಟ್ಟಿನಿಂದ ಬೈಲಿಗೆ ಇಳಿಯುವ ದಾರಿ. ಸ್ಟಿಯರಿಂಗ್ ಕ್ಲಚ್ ಬ್ರೇಕ್ ಅಲ್ಲ. ಇಳಿಜಾರಿನಲ್ಲಿ ಎಡದ ಲಿವರ್ ಹಿಡಿದರೆ ಎಡದ ಬದಿ ಇಂಜಿನ್ ಹಿಡಿತದಿಂದ ಬಿಟ್ಟುಕೊಂಡು ತನ್ನ ಭಾರಕ್ಕೆ ತಾನೇ ವೇಗ ಹಿಡಿಯುತ್ತದೆ, ಬಲದ್ದನ್ನು ಇಂಜಿನ್ ತಡೆದಿರುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ! ಟಿಲ್ಲರ್ ಹಿಂದೆ ನಡೆದು ಅಭ್ಯಾಸ ಇದ್ದವರಿಗೆ ಇದು ಗೊತ್ತು, ಸೀಟಿನಲ್ಲಿ ಕೂತವನಿಗೆ ಹ್ಯಾಂಡಲ್ ಕೊಡವಲಿಕ್ಕೂ ಅವಕಾಶ ಇಲ್ಲ. ಆದ್ದರಿಂದ ಟಿಲ್ಲರ್ ಗೇರ್‌ಬಾಕ್ಸ್ ಹಾಕಿದರೂ ಎರಡೂ ಬದಿಗೆ ಬ್ರೇಕ್ ಕಡ್ಡಾಯ. ಕ್ಲಚ್ ಬಿಡುವುದು, ಬ್ರೇಕ್ ಹಿಡಿಯುವುದು ಒಂದೇ ಲಿವರಿನ ಎಳೆತದಲ್ಲಿ ಹಿಂದೆಮುಂದೆ ಬರುವ ಹಾಗೆ ರಾಡ್ ಹೊಂದಿಸಬಹುದು.

ಮಣಿಪಾಲ

ಹೂತು ಹೋಗುತ್ತದಾ ಎನ್ನುವ ಲೆಕ್ಕ ಯಾರೂ ಹಾಕಲಿಲ್ಲ. ಗಾಡಿ 350 ಕಿಲೋ, ಹೊರೆ 200, ಚಾಲಕ 70 ಹಿಡಿದರೆ 620 ಕಿಲೋ. ಟ್ರ್ಯಾಕ್ ಅಗಲ 20 ಸೆಂ.ಮೀ. ಇದ್ದರೆ ಎರಡೂ ಸೇರಿ ನೆಲಕ್ಕೆ ತಾಗುವ ಜಾಗ 4,400 ಚದರ ಸೆಂ.ಮೀ. ಚದರ ಸೆಂ.ಮೀ.ಗೆ ಬೀಳುವುದು 140 ಗ್ರಾಂ. ಅದೇ 70 ಕಿಲೋ ಮನುಷ್ಯ ನಡೆಯುವಾಗ ಒಂದು ಪಾದದ ಮೇಲೆ ನಿಲ್ಲುತ್ತಾನೆ. ಪಾದದ ಜಾಗ 200 ಚದರ ಸೆಂ.ಮೀ. ಎಂದರೂ 350 ಗ್ರಾಂ. ನೀವು ನಡೆದು ದಾಟಬಲ್ಲ ಗದ್ದೆಯನ್ನು ಗಾಡಿ ದಾಟಲೇಬೇಕು, ಭಾರ ಸಮ ಹಂಚಿದ್ದರೆ. ಇಂಜಿನ್ ಹಿಂದೆ, ಹೊರೆಯೂ ಹಿಂದೆ ಎಂದಾದರೆ ಈ ಲೆಕ್ಕಕ್ಕೆ ಅರ್ಥವಿಲ್ಲ, ಬಾಲ ಹೂತು ಮೂತಿ ಆಕಾಶ ನೋಡುತ್ತದೆ. ಹೊರೆಯ ಪೆಟ್ಟಿಗೆ ಮುಂದಿರಲಿ.

ಅಡ್ಡಪಟ್ಟಿಗೆ ಕಬ್ಬಿಣವೇ ಬೇಕೆಂದಿಲ್ಲ. 1904ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಹತ್ತಿರದ ಮೆದು ನೆಲದಲ್ಲಿ ಚಕ್ರ ಹೂಳುತ್ತಿದ್ದುದಕ್ಕೆ ಬೆಂಜಮಿನ್ ಹೋಲ್ಟ್ ತಮ್ಮ ಸ್ಟೀಮ್ ಟ್ರ್ಯಾಕ್ಟರಿಗೆ ಹಾಕಿದ್ದು ಚೈನಿಗೆ ಬಿಗಿದ ಮರದ ಹಲಗೆಗಳನ್ನೇ. ನಮ್ಮಲ್ಲಿ ಹಳೆ ಮನೆ ಕೆಡವಿದಲ್ಲಿ ಕಿರಾಲ್ಬೋಗಿ ಮರದ ಪಕ್ಕಾಸು (ಮಾಡಿನ ಉದ್ದ ಮರ) ಸಿಗುತ್ತದೆ. ನೀರಿಗೆ ಜಗ್ಗದ ಮರ. ಕಬ್ಬಿಣದ ಆಂಗಲ್‌ಗಿಂತ ಹಗುರ, ಮುರಿದರೆ ಒಂದನ್ನೇ ಬದಲಿಸಬಹುದು. ಮುರಕಲ್ಲಿನ ಪಾರೆಯ ಮೇಲೆ ಮಾತ್ರ ಬೇಗ ಸವೆದೀತು.

ಇ-ರಿಕ್ಷಾದ 48 ವೋಲ್ಟ್ ಮೋಟಾರ್ ಎರಡು ಹಾಕಿ, ಬದಿಗೊಂದು ಕಂಟ್ರೋಲರ್ ಇಟ್ಟರೆ ಡಿಫರೆನ್ಷಿಯಲ್ ರಗಳೆಯೇ ಇಲ್ಲ ಎಂದು ಕೆಲವರು ಹೇಳಬಹುದು. ನಿಜ. ಆದರೆ ಟ್ರ್ಯಾಕ್ ಗಾಡಿ ತಿರುಗುವಾಗ ಎಳೆಯುವ ಕರೆಂಟು ನೇರ ಹೋಗುವಾಗಿನದ್ದಕ್ಕಿಂತ ತುಂಬ ಹೆಚ್ಚು. ನಾಲ್ಕು ಲೆಡ್ ಆ್ಯಸಿಡ್ ಬ್ಯಾಟರಿಯ ಭಾರವೇ ಒಂದು ಕ್ವಿಂಟಲ್ ಮೀರುತ್ತದೆ. ಅಂಗಳದಲ್ಲಿ ಮಕ್ಕಳು ಓಡಿಸುವ ಸಣ್ಣ ಗಾಡಿಗೆ ಸರಿ, ಆಷಾಢದ ಬೈಲಿಗೆ ನನ್ನ ಓಟು ಪೆಟ್ರೋಲಿಗೆ.

ಮಲ್ಪೆ

ನಮ್ಮದು ಬೋಟಿನ ಕೆಲಸ, ಹಾಗಾಗಿ ತುಕ್ಕಿನ ಬಗ್ಗೆ ಮಾತ್ರ. ಚಾಸಿಗೆ ಸ್ಕ್ವೇರ್ ಪೈಪ್ ಹಾಕಿದರೆ ಎರಡೂ ತುದಿ ಪೂರ್ತಿ ವೆಲ್ಡ್ ಮಾಡಿ ಮುಚ್ಚಿ. ಅರ್ಧ ಮುಚ್ಚಿದ ಪೈಪಿನೊಳಗೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಚಂದವೇ ಇರುತ್ತದೆ. ಗ್ರೀಸ್ ಹೊಡೆಯುವಾಗ ಹಳೆಯದು ಪೂರ್ತಿ ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಹೊಡೆಯಿರಿ, ಗದ್ದೆಗೆ ಇಳಿದು ಬಂದ ದಿನವೇ. ವೇಸ್ಟ್ ಆಯಿಲ್ ಚಾಸಿಗೆ ಬಳಿಯಬಹುದು, ಬೆಲ್ಟಿಗೆ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ. ಬುಶ್ಶಿಗೆ ನೈಲಾನ್ ರಾಡ್ ಕಡೆಸುವುದಾದರೆ ತೂತು ಕೂದಲೆಳೆ ದೊಡ್ಡದಿರಲಿ, ನೈಲಾನ್ ನೀರು ಕುಡಿದು ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ.

ಮತ್ತೆ ಬ್ರಹ್ಮಾವರ

ಎಲ್ಲರಿಗೂ ಧನ್ಯವಾದ. ಕೋಟದವರು ಹೇಳಿದ ಹಾಗೆ ಮೊದಲು ಚಾಸಿ, ಟ್ರ್ಯಾಕ್ ಅಷ್ಟೇ ಮಾಡುತ್ತೇನೆ. ಇನ್ನೆರಡು ಸಂಶಯ. ಟ್ರ್ಯಾಕ್ ಎಷ್ಟು ಬಿಗಿ ಇರಬೇಕು? ತೋಟಕ್ಕೆ ಹೋಗುವಾಗ ಪಂಚಾಯತ್ ರಸ್ತೆ ಸ್ವಲ್ಪ ದೂರ ಸಿಗುತ್ತದೆ, ಅಲ್ಲಿ ಓಡಿಸಬಹುದಾ?

ಬೈಕಂಪಾಡಿ

ರೋಲರಿಂದ ರೋಲರಿಗೆ ನಡುವೆ ಒಂದು, ಒಂದೂವರೆ ಸೆಂ.ಮೀ. ಜೋತಾಡ್ಬೇಕು. ಇದಕ್ಕಿಂತ ಬಿಗಿ ಮಾಡಿದ್ರೆ ಬೇರಿಂಗ್ ಹೋಗ್ತದೆ. ಸ್ಪ್ರಾಕೆಟ್ ಹಿಂದೆ ಇರುವ ಗಾಡಿಯಲ್ಲಿ ಮುಂದೆ ಹೋಗುವಾಗ ಎಳೆತ ಕೆಳಗಿನ ಬದಿಗೆ ಮಾತ್ರ ಬೀಳ್ತದೆ. ರಿವರ್ಸ್ ತೆಗೆಯುವಾಗ ಮೇಲಿನ ಬದಿ, ಮುಂದಿನ ಐಡ್ಲರ್ (ಟ್ರ್ಯಾಕ್ ಸುತ್ತಿ ಬರುವ ಮುಂದಿನ ಚಕ್ರ), ಟ್ರ್ಯಾಕ್ ಬಿಗಿ ಮಾಡುವ ಟೆನ್ಷನ್ ಬೋಲ್ಟು ಎಲ್ಲದಕ್ಕೂ ಬೀಳ್ತದೆ. ಹಲ್ಲು ಹಾರುದು ಹೆಚ್ಚಾಗಿ ಆಗಲೇ. ಟೆನ್ಷನ್ ಬೋಲ್ಟ್ ಎಂ20 (20 ಮಿ.ಮೀ. ದಪ್ಪದ್ದು) ಹಾಕಿ, ಲಾಕ್ ನಟ್ಟು ಮರೀಬೇಡಿ.

ಉಡುಪಿ, ವಕೀಲರು

ರಸ್ತೆಗೆ ಇಳಿಸಬೇಡಿ. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ನಾಲ್ಕು ಹೆಜ್ಜೆಯಾದರೂ ಅದು ರಸ್ತೆಯೇ. ಯಾರಿಗಾದರೂ ತಾಗಿದರೆ ವಿಮೆ ಇಲ್ಲದ ಗಾಡಿ, ಪರಿಹಾರ ನಿಮ್ಮ ಕೈಯಿಂದಲೇ. ಆ ತುಂಡು ದಾರಿಗೆ ಪಿಕಪ್‌ನಲ್ಲಿ ಹೇರಿಕೊಂಡು ದಾಟಿಸಿ, ಇಲ್ಲವೇ ಪಕ್ಕದ ಜಾಗದವರನ್ನು ಕೇಳಿ ಒಳದಾರಿ ಮಾಡಿಕೊಳ್ಳಿ. ಇಂಜಿನ್ ಕೊಂಡ ಗುಜರಿಯವರಿಂದ ರಸೀದಿ, ಹಳೆ ರಿಕ್ಷಾದ ಆರ್‌ಸಿ ಪ್ರತಿ ತೆಗೆದುಕೊಳ್ಳಿ. ವಾಹನ ಬಳಕೆಗೆ ಬಾರದಂತೆ ಆದಾಗ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಎಂದು ಸೆಕ್ಷನ್ 55 ಹೇಳುತ್ತದೆ. ಹಾಗೆ ಮಾಡಿಸಿದ್ದಾರಾ ಎಂದು ಕೇಳಿ. ಇಂಜಿನ್ ನಂಬರು ಯಾವುದೋ ಕಳವು ಕೇಸಿನದ್ದಾಗಿದ್ದರೆ ಪೊಲೀಸರು ಬರುವುದು ನಿಮ್ಮ ತೋಟಕ್ಕೆ.

ಕಟಪಾಡಿ

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಇಂಜಿನ್ ಆಫ್ ಮಾಡುವ ಸ್ವಿಚ್ಚಿಗೆ ಹಗ್ಗ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಬಿದ್ದರೆ ಗಾಡಿ ನಿಲ್ಲಬೇಕು. ಟ್ರ್ಯಾಕಿನ ಮೇಲೆ ತಗಡಿನ ಮಡ್‌ಗಾರ್ಡ್ ಹಾಕದೆ ಸೀಟಿನಲ್ಲಿ ಕೂರಬೇಡಿ. ಮುಂಡು ಉಟ್ಟು ಓಡಿಸುವವರು ನಮ್ಮಲ್ಲಿ ಜಾಸ್ತಿ, ಸ್ಪ್ರಾಕೆಟಿಗೆ ಬಟ್ಟೆ ಸಿಕ್ಕಿದರೆ ಕಾಲು ಎಳೆದುಕೊಳ್ಳಲಿಕ್ಕೆ ಟೈಮ್ ಸಿಗುವುದಿಲ್ಲ.