ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಬೀಟಾ: ಮೃಗಗಳು ಮಡಚಿದ ರಟ್ಟಿನ ಹಾಗೆ ಕಾಣುತ್ತಿವೆ, ಯಾರಾದರೂ ಸಹಾಯ ಮಾಡಿ

ಬಳ್ಳಾರಿ_ಬೇಟೆಗಾರ · 8 ಫೆಬ್ರವರಿ 2025, ಬೆಳಗ್ಗೆ 10:40

ಈ ಬೇಟೆ ಗೇಮಿನ ಮೊದಲ ಬೀಟಾ (ಬಿಡುಗಡೆಗೆ ಮೊದಲು ಆಡಿ ನೋಡಲು ಕೊಡುವ ಪ್ರಯೋಗದ ಆವೃತ್ತಿ) ದೀಪಾವಳಿ ಹೊತ್ತಿಗೇ ಬಂದಿತ್ತು. ಹಬ್ಬಕ್ಕೆ ಸಿರುಗುಪ್ಪಕ್ಕೆ ಹೋಗಿದ್ದೆ, ತಪ್ಪಿಹೋಯಿತು. ಅದಕ್ಕೇ ಈ ಎರಡನೇ ಬೀಟಾಗೆ ಮೂರು ತಿಂಗಳಿಂದ ಕಾಯುತ್ತಿದ್ದೆ. ನಿನ್ನೆ ಪೂರ್ತಿ ದಿನ ಹಾಳಾಯಿತು.

ದೋಶಗುಮಾ ಅನ್ನುವ ಮೃಗಗಳ ಹಿಂಡು ಎದುರಿಗೆ ಬರುತ್ತದೆ. ಮೈ ತುಂಬ ಕೂದಲು ಇರಬೇಕು, ಅಲ್ವಾ? ನನಗೆ ಕಾಣುವುದು ಕಂದು ಬಣ್ಣದ ರಟ್ಟಿನ ಡಬ್ಬಿ. ಕಣ್ಣಿಲ್ಲ, ಬಾಯಿಲ್ಲ. ಸವಾರಿಯ ಪ್ರಾಣಿ ಸೈಕ್ರೆಟ್ ಹತ್ತಿ ಕ್ಯಾಂಪ್ ಬಿಟ್ಟರೆ ಪರದೆ ಗಕ್ಕನೆ ನಿಲ್ಲುತ್ತದೆ, ಆಮೇಲೆ ನೆಲ ಮೂಡುತ್ತದೆ. ಡ್ರೈವರ್ ಹೊಸದು ಹಾಕಿದ್ದೇನೆ. ಎಲ್ಲ ಸೆಟ್ಟಿಂಗ್ ಕೆಳಗೆ ಇಳಿಸಿದ್ದೇನೆ. ಎರಡು ಸಲ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದ್ದೇನೆ. ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ, ಬೇರೆ ಗೇಮ್‌ಗಳೆಲ್ಲ ಓಡುತ್ತವೆ. ಸೋಮವಾರ ಬೆಳಗ್ಗೆ ಬೀಟಾ ಮುಗಿಯುತ್ತದೆ, ಬೇಗ ಹೇಳಿ.

ರಾಯಚೂರು_ರಿಗ್ · 10:58

ಇದು ಶಾಖದ ಸಮಸ್ಯೆ. ಹೋದ ವರ್ಷ ನನ್ನ ಲ್ಯಾಪ್‌ಟಾಪ್ ಬಿಚ್ಚಿದಾಗ ಚಿಪ್ಪಿನ ಶಾಖ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ನಿಮ್ಮ ಮನೆ ಕೌಲ್ ಬಜಾರ್ ಕಡೆನಾ? ಜೀನ್ಸ್ ಹೊಲಿಯುವ ಕಡೆ ನೂಲಿನ ಧೂಳು ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಬಿಚ್ಚಿ, ಬ್ರಷ್ ಹಾಕಿ, ಹೊಸ ಪೇಸ್ಟ್ ಹಚ್ಚಿ.

ಗಂಗಾವತಿ_ಬಿಲ್ಲುಗಾರ · 11:05

ಬಿಚ್ಚುವುದಕ್ಕೆ ಮೊದಲು ಗ್ರಾಫಿಕ್ಸ್ ಕಾರ್ಡ್ ಯಾವುದು ಹೇಳಿ ಅಣ್ಣ. ವಿ-ರ್ಯಾಮ್ ಎಷ್ಟು?

ಬಳ್ಳಾರಿ_ಬೇಟೆಗಾರ · 11:09

ಆರ್‌ಟಿಎಕ್ಸ್ 3050. 16 ಜಿಬಿ.

ಗಂಗಾವತಿ_ಬಿಲ್ಲುಗಾರ · 11:10

16 ಅಂದರೆ ಲ್ಯಾಪ್‌ಟಾಪಿನ ರ್ಯಾಮ್. ನಾನು ಕೇಳಿದ್ದು ಕಾರ್ಡಿನ ಒಳಗಿನ ಮೆಮೊರಿ, ಅದೇ ವಿ-ರ್ಯಾಮ್.

ಬಳ್ಳಾರಿ_ಬೇಟೆಗಾರ · 11:26

ಈಗ ನೋಡಿದೆ. 4 ಜಿಬಿ.

ಕೊಪ್ಪಳ_ಕತ್ತಿ · 11:40

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಗೇಮ್ ಓಡಲು ಕನಿಷ್ಠ ಇದು ಬೇಕು ಅಂತ ಗೇಮ್ ಮಾಡಿದ ಕ್ಯಾಪ್‌ಕಾಮ್ ಕೊಟ್ಟಿರುವ ಪಟ್ಟಿಯಲ್ಲೇ ಜಿಟಿಎಕ್ಸ್ 1660 ಕಾರ್ಡ್ ಇದೆ, ಅದಕ್ಕೆ 6 ಜಿಬಿ. ನವೆಂಬರ್ ಬೀಟಾದಲ್ಲೂ ಎಷ್ಟೋ ಜನರಿಗೆ ಹೀಗೇ ಮೂಲೆ ಮೂಲೆಯ ಮೃಗ ಕಂಡಿತ್ತು. ಮೃಗದ ಪೂರ್ತಿ ರೂಪ ಲೋಡ್ ಆಗದಿದ್ದರೆ ಗೇಮ್ ಅದರ ಒರಟು ರೂಪವನ್ನೇ ತೋರಿಸುತ್ತದೆ, ದೂರದ ಮೃಗಕ್ಕೆ ಇಟ್ಟಿರುವುದು. ಈ ಬೀಟಾ ಹೆಚ್ಚುಕಮ್ಮಿ ಹಳೇ ಬೀಟಾನೇ. ಜಿಪ್ಸೆರಾಸ್, ಆರ್ಕ್‌ವೆಲ್ಡ್ ಅನ್ನುವ ಎರಡು ಮೃಗಗಳನ್ನು ಸೇರಿಸಿದ್ದಾರೆ. ಆಮೇಲೆ ಮಾಡಿದ ಸುಧಾರಣೆ ಇದರಲ್ಲಿ ಇಲ್ಲ ಅಂತ ಕ್ಯಾಪ್‌ಕಾಮ್ ಮೊದಲೇ ಹೇಳಿದೆ. ಫೆಬ್ರವರಿ 28ಕ್ಕೆ ಬರುವ ಪೂರ್ತಿ ಗೇಮನ್ನು ಇದರಿಂದ ಅಳೆಯಬೇಡಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಗೇಮ್ ಹೇಗೆ ಓಡುತ್ತದೆ ಅಂತ ಅಳೆಯುವ ಬೆಂಚ್‌ಮಾರ್ಕ್ ಈ ವಾರ ಪುಕ್ಕಟೆ ಬಿಟ್ಟಿದ್ದಾರೆ, ಅದನ್ನು ಓಡಿಸಿ ನೋಡಿ. ಸದ್ಯಕ್ಕೆ ಟೆಕ್ಸ್ಚರ್ (ಮೃಗ, ನೆಲದ ಮೇಲ್ಮೈ ಚಿತ್ರ) ಸೆಟ್ಟಿಂಗ್ ಪೂರ್ತಿ ಕೆಳಗೆ ಹಾಕಿ.

ರಾಯಚೂರು_ರಿಗ್ · 11:52

ಟೆಕ್ಸ್ಚರ್ ಕಡಿಮೆ ಮಾಡಿದ್ದೇನೆ ಅಂತ ಅವರು ಮೊದಲೇ ಬರೆದಿದ್ದಾರೆ. ಚಿಪ್ ಬಿಸಿಯಾದರೆ ವೇಗ ಇಳಿಯುತ್ತದೆ, ಅದಕ್ಕೇ ಎಲ್ಲ ತಡವಾಗಿ ಬರುತ್ತಿದೆ. ನಮ್ಮ ಕಡೆ ಫೆಬ್ರವರಿಯಲ್ಲೇ ಬಿಸಿಲು ಹೇಗಿದೆ ನೋಡಿ. ಟೆಂಪರೇಚರ್ ಎಷ್ಟು ಅಂತ ತೋರಿಸಲಿ.

ಬಳ್ಳಾರಿ_ಬೇಟೆಗಾರ · ಮಧ್ಯಾಹ್ನ 12:30

ಅರ್ಧ ಗಂಟೆ ಆಡಿ ನೋಡಿದೆ. 78 ದಾಟಲಿಲ್ಲ.

ರಾಯಚೂರು_ರಿಗ್ · 12:34

ಅದು ಸೆನ್ಸರ್ ತೋರಿಸುವ ಲೆಕ್ಕ. ಒಳಗೆ ಇನ್ನೂ ಜಾಸ್ತಿ ಇರುತ್ತದೆ. ನಾನು ಪೇಸ್ಟ್ ಬದಲಾಯಿಸಿದ ಮೇಲೆ 11 ಡಿಗ್ರಿ ಇಳಿಯಿತು. ಪೇಸ್ಟ್ ಹಚ್ಚುವ ತನಕ ಫ್ರೇಮ್ ಜನರೇಷನ್ (ನಿಜವಾದ ಫ್ರೇಮ್‌ಗಳ ನಡುವೆ ಹೆಚ್ಚುವರಿ ಫ್ರೇಮ್ ಸೇರಿಸುವ ಸೆಟ್ಟಿಂಗ್) ಆನ್ ಮಾಡಿಕೊಂಡು ಆಡಿ, ಆರಾಮಾಗಿ ಓಡುತ್ತದೆ.

ಗಂಗಾವತಿ_ಬಿಲ್ಲುಗಾರ · 12:41

78 ಲ್ಯಾಪ್‌ಟಾಪಿಗೆ ಏನೂ ಅಲ್ಲ. ಫ್ರೇಮ್ ಜನರೇಷನ್ ಆನ್ ಮಾಡಬೇಡಿ, ಅದೂ ವಿ-ರ್ಯಾಮ್ ತಿನ್ನುತ್ತದೆ. ಇರುವುದೇ 4 ಜಿಬಿ.

ಕೊಪ್ಪಳ_ಕತ್ತಿ · 12:55

ಅದೊಂದೇ ಅಲ್ಲ. ನಿಜವಾದ ಫ್ರೇಮ್ ಸೆಕೆಂಡಿಗೆ 30ರ ಹತ್ತಿರ ಇದ್ದಾಗ ಅದನ್ನು ಹಾಕಿದರೆ ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ. ನಾನು ಗ್ರೇಟ್ ಸೋರ್ಡ್, ಅಂದರೆ ದೊಡ್ಡ ಕತ್ತಿ, ಹಿಡಿದು ಆಡುವವನು. ಮೃಗದ ಪಂಜ ಮೈಮೇಲೆ ಬೀಳುವ ಆ ಗಳಿಗೆಗೇ ಕೆಳಗಿಂದ ಕತ್ತಿ ಎತ್ತಿದರೆ ಮಾತ್ರ ಆಫ್‌ಸೆಟ್, ಅಂದರೆ ಮೃಗದ ಏಟನ್ನೇ ತಡೆದು ಹಿಮ್ಮೆಟ್ಟಿಸುವ ಹೊಡೆತ, ಸಿಗುತ್ತದೆ. ಸ್ವಲ್ಪ ತಡವಾದರೂ ನೆಲಕ್ಕೆ ಬೀಳುತ್ತೀರಿ.

ರಾಯಚೂರು_ರಿಗ್ · 1:02

ನಾನು ಫ್ರೇಮ್ ಜನರೇಷನ್ ಹಾಕಿಕೊಂಡೇ ಗ್ರೇಟ್ ಸೋರ್ಡ್ ಆಡುತ್ತೇನೆ. ರೇ ದಾವ್ ಅನ್ನುವ ಮೃಗದ ಮೇಲೆ ನಾಲ್ಕು ಆಫ್‌ಸೆಟ್ ಹೊಡೆದಿದ್ದೇನೆ, ಒಂದೇ ಬೇಟೆಯಲ್ಲಿ.

ಕೊಪ್ಪಳ_ಕತ್ತಿ · 1:06

ನಿಮ್ಮ ಕಾರ್ಡ್ 4070 ಅಂತ ಹೋದ ತಿಂಗಳು ನೀವೇ ಬರೆದಿದ್ದಿರಿ. 4 ಜಿಬಿ ಇರುವವರಿಗೆ ಅದೇ ಸಲಹೆ ಹೇಗೆ ಹೊಂದುತ್ತದೆ?

ರಾಯಚೂರು_ರಿಗ್ · 1:15

ಕಾರ್ಡ್ ದೊಡ್ಡದು ಅಂತ ನನ್ನ ಅನುಭವ ಸುಳ್ಳಾಗುವುದಿಲ್ಲ. ಕೂಲರ್ ಎದುರಿಗೇ ಟೇಬಲ್ ಹಾಕಿಕೊಂಡಿದ್ದೇನೆ, ಕರೆಂಟ್ ಹೋದರೆ ಎರಡು ಬ್ಯಾಟರಿಯ ಇನ್ವರ್ಟರ್ ಇದೆ. ನಮ್ಮೂರ ಬಿಸಿಲಲ್ಲಿ ಮೂರು ವರ್ಷದಿಂದ ಒಂದು ಸಲವೂ ಆಫ್ ಆಗಿಲ್ಲ. ಅದಕ್ಕೇ ಶಾಖದ ವಿಷಯ ಇಷ್ಟು ಒತ್ತಿ ಹೇಳುತ್ತಿರುವುದು.

ಸಿಂಧನೂರು_ಕೊಂಬು · 2:20

ಬಳ್ಳಾರಿ ಅಣ್ಣ, ಎರಡು ಸಲ ಡೌನ್‌ಲೋಡ್ ಮಾಡಿದ್ದೇನೆ ಅಂದಿರಿ. ಎಲ್ಲಿಗೆ ಮಾಡಿದಿರಿ? ಯಾವ ಡ್ರೈವ್?

ಬಳ್ಳಾರಿ_ಬೇಟೆಗಾರ · 2:31

ಇ ಡ್ರೈವ್. ಎಲ್ಲ ಗೇಮ್ ಅಲ್ಲೇ ಇಡುತ್ತೇನೆ.

ಸಿಂಧನೂರು_ಕೊಂಬು · 2:33

ಇ ಲ್ಯಾಪ್‌ಟಾಪ್ ಒಳಗಿದೆಯಾ, ಹೊರಗಿದೆಯಾ?

ಬಳ್ಳಾರಿ_ಬೇಟೆಗಾರ · 2:38

ಹೊರಗೆ. ಯುಎಸ್‌ಬಿ ಹಾರ್ಡ್ ಡಿಸ್ಕ್, 2 ಟಿಬಿ. ಅಕ್ಕನ ಮದುವೆ ಫೋಟೋಗೆ ತೆಗೆದುಕೊಂಡಿದ್ದು. ಒಳಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) 256 ಜಿಬಿ ಅಷ್ಟೇ, ಅದು ಆಫೀಸ್ ಕೆಲಸದಿಂದ ತುಂಬಿದೆ. ಇಷ್ಟು ದಿನ ಯಾವ ಗೇಮೂ ತಕರಾರು ಮಾಡಿಲ್ಲ, ಅದಕ್ಕೆ ಹೇಳಲಿಲ್ಲ.

ಸಿಂಧನೂರು_ಕೊಂಬು · 2:52

ಅದೇ ನೋಡಿ. ಈ ಗೇಮಿಗೆ ಎಸ್‌ಎಸ್‌ಡಿ ಬೇಕೇ ಬೇಕು ಅಂತ ಪಟ್ಟಿಯಲ್ಲಿದೆ. ಸೈಕ್ರೆಟ್ ಮೇಲೆ ಓಡುವಾಗ ಬಯಲು, ಹಿಂಡು, ಮರಳಿನ ಬಿರುಗಾಳಿ ಎಲ್ಲ ನಡುವೆ ಲೋಡಿಂಗ್ ಇಲ್ಲದೆ ಬರುತ್ತಲೇ ಇರುತ್ತವೆ. ತಿರುಗುವ ಡಿಸ್ಕಿಗೆ ಅಷ್ಟು ಬೇಗ ಓದಿ ಕೊಡುವುದಕ್ಕೆ ಆಗುವುದಿಲ್ಲ. ಒಂದು ಕೆಲಸ ಮಾಡಿ. ಪರದೆ ನಿಂತಾಗ ಡಿಸ್ಕಿನ ಲೈಟ್ ನೋಡಿ, ಕಿವಿ ಹತ್ತಿರ ಇಡಿ.

ಬಳ್ಳಾರಿ_ಬೇಟೆಗಾರ · 3:10

ನೋಡಿದೆ. ಕ್ಯಾಂಪ್ ದಾಟಿದ ಕೂಡಲೇ ಲೈಟ್ ಬಿಡದೆ ಮಿಣಮಿಣ ಅಂತು. ಒಳಗೆ ಕಟಕಟ ಸದ್ದು. ಸದ್ದು ನಿಂತ ಮೇಲೆ ನೆಲ ಬಂತು.

ಸಿಂಧನೂರು_ಕೊಂಬು · 3:14

ಗೇಮ್ ಡೌನ್‌ಲೋಡ್ ಮಾಡಿದ ಸ್ಟೀಮ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್‌ಗೆ ಹೋಗಿ. ಬೀಟಾ ಆರಿಸಿ, ಮೂವ್ ಒತ್ತಿ, ಸಿ ಡ್ರೈವ್ ಕೊಡಿ. ಮತ್ತೆ ಡೌನ್‌ಲೋಡ್ ಬೇಡ. ಜಾಗಕ್ಕೆ ಆಫೀಸ್ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅವಕ್ಕೆ ಅದು ಸಾಕು. ತೆರೆದು ನೋಡಿ ಸರಿಯಿದ್ದರೆ ಮಾತ್ರ ಇಲ್ಲಿಂದ ಅಳಿಸಿ.

ರಾಯಚೂರು_ರಿಗ್ · 3:20

ಜಾಗ ಬದಲಾಯಿಸುವಾಗಲೇ ಪೇಸ್ಟೂ ಹಚ್ಚಿಬಿಡಿ.

ಬಳ್ಳಾರಿ_ಬೇಟೆಗಾರ · ರಾತ್ರಿ 9:47

ಊಟಕ್ಕೂ ಏಳದೆ ಕೂತಿದ್ದೆ, ಅಮ್ಮ ಮಂಡಕ್ಕಿ ಮಿರ್ಚಿ ಇಲ್ಲಿಗೇ ತಂದು ಕೊಟ್ಟರು.

ಗಕ್ಕನೆ ನಿಲ್ಲುವುದು ಹೋಯಿತು. ಕ್ಯಾಂಪಿನಿಂದ ಬಯಲಿಗೆ ಒಂದೇ ಓಟ. ದೋಶಗುಮಾ ಇನ್ನೂ ಪೂರ್ತಿ ಸರಿಯಿಲ್ಲ. ದೂರದಿಂದ ಬರುವಾಗ ರಟ್ಟಿನ ಡಬ್ಬಿಯೇ. ಹತ್ತಿರ ಬಂದು ಎರಡು ಕಾಲ ಮೇಲೆ ಎದ್ದು ನಿಂತಾಗ ಒಂದು ಕ್ಷಣ ಬಿಟ್ಟು ಮೈಮೇಲೆ ಕೂದಲು ಬಂತು. ಗಾಳಿಗೆ ಕುತ್ತಿಗೆಯ ಕೂದಲು ಅಲುಗಾಡುತ್ತಿತ್ತು. ಸುಮ್ನೆ ನೋಡುತ್ತಾ ನಿಂತೆ, ಏಟು ತಿಂದು ಬಿದ್ದೆ. ಬಹಳ ಖುಷಿಯಾಯಿತು. ಸಿಂಧನೂರು ಅವರಿಗೆ ತುಂಬಾ ಥ್ಯಾಂಕ್ಸ್.

ಕೊಪ್ಪಳ_ಕತ್ತಿ · 9:55

ಉಳಿದಿರುವುದು ವಿ-ರ್ಯಾಮ್ ಕೊರತೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಬದಲಾಯಿಸುವುದಕ್ಕೆ ಆಗುವುದಿಲ್ಲ. ಬ್ರೌಸರ್ ಮುಚ್ಚಿ ಆಡಿ, ಸ್ವಲ್ಪ ಉಳಿಯುತ್ತದೆ. ದುಡ್ಡು ಕೊಡುವ ಮೊದಲು ಬೆಂಚ್‌ಮಾರ್ಕ್ ಮಾತ್ರ ಮರೆಯಬೇಡಿ.

ಗಂಗಾವತಿ_ಬಿಲ್ಲುಗಾರ · 10:03

14ಕ್ಕೆ ಬೀಟಾ ಮತ್ತೆ ತೆರೆಯುತ್ತದೆ. ಆರ್ಕ್‌ವೆಲ್ಡ್ ಬೇಟೆಗೆ 20 ನಿಮಿಷ ಅಷ್ಟೇ ಕೊಟ್ಟಿದ್ದಾರೆ, ಒಬ್ಬನೇ ಹೋಗಿ ಮೂರು ಸಲ ಸೋತಿದ್ದೇನೆ. ನಾಲ್ಕು ಜನ ಸೇರೋಣವಾ? ಸಿಂಧನೂರು ಅವರ ಹಂಟಿಂಗ್ ಹಾರ್ನ್ (ಊದಿ ಜೊತೆಯವರ ಬಲ ಹೆಚ್ಚಿಸುವ ಕೊಂಬಿನ ಆಯುಧ) ಇದ್ದರೆ ಧೈರ್ಯ.

ಸಿಂಧನೂರು_ಕೊಂಬು · 10:10

ನಾನು ಬರುತ್ತೇನೆ. ರಾತ್ರಿ ಹತ್ತರ ಮೇಲೆ ಮಾತ್ರ.

ರಾಯಚೂರು_ರಿಗ್ · 10:12

ನಾನೂ ಇದ್ದೇನೆ. ಬಳ್ಳಾರಿ ಅವರೇ, ಅಷ್ಟರೊಳಗೆ ಫ್ಯಾನ್ ಒಂದು ಸಲ ಬಿಚ್ಚಿ ಫೋಟೋ ಹಾಕಿ, ನೋಡೋಣ.

ಬಳ್ಳಾರಿ_ಬೇಟೆಗಾರ · 10:30

ಭಾನುವಾರ ಬಿಚ್ಚುತ್ತೇನೆ ಅಣ್ಣ. ಇನ್ನೊಂದು ಕೇಳಬೇಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡನೇ ಎಸ್‌ಎಸ್‌ಡಿಗೆ ಜಾಗ ಇದೆಯಾ ಅಂತ ಬಿಚ್ಚದೆ ತಿಳಿದುಕೊಳ್ಳುವುದು ಹೇಗೆ?