7.4 ಲೀಟರ್ ಮರ್ಕ್ರೂಸರ್ ಬೋಟ್ ಎಂಜಿನ್: 5, 7ನೇ ಸಿಲಿಂಡರಲ್ಲಿ ಕಂಪ್ರೆಷನ್ (ಒತ್ತಡ) ತೀರಾ ಕಡಿಮೆ, ಆಯಿಲಿಗೆ ನೀರು ಸೇರಿದೆ. ಬೋರ್ ಮಾಡಿಸೋದಾ (ಸಿಲಿಂಡರ್ ಕೊರೆದು ಅಗಲ ಮಾಡೋದು), ಎಂಜಿನ್ನೇ ಬದಲಿಸೋದಾ?

ಹಿನ್ನೀರುಬೋಟ್:
ಶರಾವತಿ ಹಿನ್ನೀರಲ್ಲಿ ಓಡೋ ಬೋಟು. 1992ರ ಮರ್ಕ್ರೂಸರ್ 454 (ಅದೇ 7.4 ಲೀಟರ್, ಘನ ಇಂಚಲ್ಲಿ), ಕಾರ್ಬುರೇಟರ್, ಬ್ರಾವೊ ಡ್ರೈವ್ (ಪ್ರೊಪೆಲರ್ ತಿರುಗಿಸೋ ಹಿಂದಿನ ಘಟಕ). ಮೊದಲು ಮಂಗಳೂರು ಕಡೆ ಉಪ್ಪುನೀರಲ್ಲಿತ್ತು. ಮಳೆಗಾಲದ ಕೆಂಪುನೀರಲ್ಲಿ ಓಡಿಸಿದಾಗ ಬಿಸಿಯಾಗಿ ನಿಂತಿತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ. ಕಂಪ್ರೆಷನ್ ಅಳೆದಾಗ ಆರು ಸಿಲಿಂಡರ್ 145–155 ಪಿಎಸ್‌ಐ, 5 ಮತ್ತು 7 ಮಾತ್ರ 60ರ ಆಸುಪಾಸು. ಲೇತ್‌ನವರು ಎಂಟೂ ಬೋರ್ ಮಾಡ್ಸಿ ಅಂತಾರೆ. ಇನ್ನೊಬ್ಬರು ಕಾರಿನ 454 ಕೊಡಿಸ್ತೀನಿ ಅಂತಾರೆ. ಯಾವುದು ಸರಿ?

ತಾಳಗುಪ್ಪ_ಡೀಸೆಲ್:
ಎರಡೂ ಈಗಲೇ ಬೇಡ ಸರ್. ಅಕ್ಕಪಕ್ಕದ ಎರಡು ಸಿಲಿಂಡರ್ (ಬೆಸ ಸಂಖ್ಯೆಯವೆಲ್ಲ ಎಡ ಸಾಲಲ್ಲಿರೋದು) ಒಟ್ಟಿಗೇ ಬಿದ್ದಿವೆ ಅಂದ್ರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೀಲು) ಮೇಲೆ. ಪ್ಲಗ್ ತೂತಿನಿಂದ ಎರಡು ಚಮಚ ಆಯಿಲ್ ಬಿಟ್ಟು ಮತ್ತೆ ಅಳೀರಿ. ಮೀಟರ್ ಓದು ಏರಿದ್ರೆ ಪಿಸ್ಟನ್ ರಿಂಗ್, ಏರದಿದ್ರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್. ಆಮೇಲೆ 5ನೇದನ್ನ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ, ವಾಲ್ವ್ ಎರಡೂ ಮುಚ್ಚಿರೋ ಸ್ಥಿತಿಗೆ) ತಂದು ಗಾಳಿ ಕೊಡಿ: 7ರ ಪ್ಲಗ್ ತೂತಲ್ಲಿ ಗಾಳಿ ಬಂದ್ರೆ ಗ್ಯಾಸ್ಕೆಟ್, ಆಯಿಲ್ ಹಾಕೋ ಕಡೆ ಬಂದ್ರೆ ರಿಂಗ್, ಕಾರ್ಬುರೇಟರಲ್ಲಿ ಬಂದ್ರೆ ಇನ್‌ಟೇಕ್ ವಾಲ್ವ್.

ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದರ ಮೇಲಿನ ಬಾಗಿದ ಕೊಳವೆ ಎಲ್ಬೋ, ಎರಡನ್ನೂ ಬಿಚ್ಚಿ ನೀರಿನ ಜಾಕೆಟ್‌ಗೆ (ತಂಪುನೀರು ಹರಿಯೋ ಪೊಳ್ಳಿಗೆ) ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಇಡಿ. ಎಕ್ಸಾಸ್ಟ್ ದಾರಿಯಲ್ಲಿ ಒಂದು ಹನಿ ಕಂಡರೂ ಅದು ಗುಜರಿಗೆ. ಉಪ್ಪುನೀರು ತಿಂದ ಎಲ್ಬೋ ಹಾಗೇ ಬಿಟ್ಟು ಹೊಸ ಎಂಜಿನ್ ಕೂರಿಸಿದ್ರೆ ಅದೂ ಇದೇ ದಾರಿ ಹಿಡಿಯುತ್ತೆ.

ನೀರು ಸೇರಿದ ಆಯಿಲ್ ಇವತ್ತೇ ಇಳಿಸಿ ಮಾರಾಯ್ರೆ. ಹೊಸ ಆಯಿಲ್ ಹಾಕಿ, ಪ್ಲಗ್ ಬಿಚ್ಚಿಟ್ಟು ಎಂಜಿನ್ ತಿರುಗಿಸಿ. ಮಳೆಗಾಲದ ಥಂಡಿಗೆ ವಾರದಲ್ಲಿ ಬೋರ್ ತುಕ್ಕು ಹಿಡಿಯುತ್ತೆ, ಆಗ ಬೋರಿಂಗ್ ನಿಜವಾಗ್ಲೂ ಬೇಕಾಗುತ್ತೆ.

ಸಾಗರ_ವರ್ಕ್‌ಶಾಪ್:
ಕಾರಿನ ಎಂಜಿನ್ ಬಗ್ಗೆ. ನಿಮ್ಮದು ಜೆನ್ ಫೈವ್ (ಈ ಎಂಜಿನ್ನಿನ ಐದನೇ ಪೀಳಿಗೆ), ಹಿಂದಿನ ಮೇನ್ ಸೀಲ್ (ಕ್ರ್ಯಾಂಕ್ ತುದಿಯ ಆಯಿಲ್ ಸೀಲ್) ಒಂದೇ ತುಂಡು. 1990ರವರೆಗಿನ ಬ್ಲಾಕ್‌ಗೆ ಸೀಲ್ ಎರಡು ತುಂಡು, ಫ್ಲೈವೀಲೂ ಬೇರೆ. 454ರ ಬ್ಯಾಲೆನ್ಸ್ ತೂಕ ಮುಂದಿನ ಡ್ಯಾಂಪರ್ ಮತ್ತು ಫ್ಲೈವೀಲಲ್ಲೇ ಇರೋದ್ರಿಂದ ಇದ್ದಿದ್ದು ಸಿಕ್ಕಿದ್ದು ಬೆರೆಸಿದ್ರೆ ಕಂಪನ ಬೇರಿಂಗ್ ತಿನ್ನುತ್ತೆ. ಹಳೇ ಹೆಡ್ಡನ್ನ ಜೆನ್ ಫೈವ್ ಬ್ಲಾಕ್ ಮೇಲೆ ಮಾಮೂಲಿ ಗ್ಯಾಸ್ಕೆಟ್ ಹಾಕಿ ಕೂರಿಸಿದ್ರೆ ನೀರು ಲಿಫ್ಟರ್ ವ್ಯಾಲಿಗೆ (ಎರಡು ಸಾಲಿನ ನಡುವೆ ಆಯಿಲ್ ಓಡಾಡೋ ತಗ್ಗಿಗೆ) ಇಳಿಯುತ್ತೆ. ಮೆರೈನ್ ಬ್ಲಾಕ್‌ಗೆ ಹಿತ್ತಾಳೆಯ ಕೋರ್ ಪ್ಲಗ್ (ಬ್ಲಾಕಿನ ತೂತು ಮುಚ್ಚೋ ಬಿಲ್ಲೆ) ಬೇಕು, ಕಾರಿನ ಕಬ್ಬಿಣದ್ದು ತುಕ್ಕು ತಿಂದು ತೂತಾಗುತ್ತೆ.

ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅವುಗಳ ಕಿಡಿ ಹೊರಗೆ ಬರುತ್ತೆ. ಬೋಟಿನ ತಳದಲ್ಲಿ ಪೆಟ್ರೋಲ್ ಆವಿ ಕೂತಿರುತ್ತೆ, ಜನ ಸಾಯ್ತಾರೆ.

ಬೋರ್ ಮಾಡಿಸೋದೇ ಆದ್ರೆ ಸ್ಟ್ಯಾಂಡರ್ಡ್ 4.250 ಇಂಚು, ಮೊದಲ ಹಂತ ಸಾಮಾನ್ಯವಾಗಿ 30 ಥೌ (0.030 ಇಂಚು) ಹೆಚ್ಚು. ತುಕ್ಕಿನ ಗುಳಿ ಒಂದೇ ಸಿಲಿಂಡರಲ್ಲಿ ಆಳವಾಗಿದ್ರೆ ಅದಕ್ಕೊಂದೇ ಸ್ಲೀವ್ (ಒಳಗೆ ಕೂರಿಸೋ ಹೊಸ ಕೊಳವೆ) ಸಾಕು.

ಹಿನ್ನೀರುಬೋಟ್:
ಆಯಿಲ್ ಬದಲಿಸಿದೆ. ಪರೀಕ್ಷೆಗೆ ಬಿಟ್ಟ ಆಯಿಲಿಗೆ ಓದು ಏರಲಿಲ್ಲ. 5ಕ್ಕೆ ಕೊಟ್ಟ ಗಾಳಿ 7ರಲ್ಲಿ ಜೋರಾಗಿ ಬಂತು. ಎಡಗಡೆ ಎಲ್ಬೋ ಜಾಯಿಂಟಲ್ಲಿ ಸೀಮೆಎಣ್ಣೆ ಒಸರಿದೆ.

ತಾಳಗುಪ್ಪ_ಡೀಸೆಲ್:
ಹಾಗಾದ್ರೆ ಎಂಜಿನ್ ಇಳಿಸೋದೇ ಬೇಡ, ಹೆಡ್ ಬೋಟಲ್ಲೇ ಬಿಚ್ಚಬಹುದು. ಪುಶ್‌ರಾಡ್ (ವಾಲ್ವ್ ತೆರೆಸೋ ಕಡ್ಡಿ) ಬಂದ ಜಾಗಕ್ಕೇ ಹೋಗಬೇಕು, ಗುರುತು ಹಾಕಿ. ಅದರ ಕೆಳಗಿನ ಲಿಫ್ಟರ್ ತೆಗೆದ್ರೆ ಅದಕ್ಕೂ ಅದೇ ಮಾತು, ಅದಲುಬದಲಾದ್ರೆ ಕ್ಯಾಮ್ ಸವೆಯುತ್ತೆ. 5–7ರ ನಡುವೆ ಹೆಡ್, ಬ್ಲಾಕ್ ಎರಡರ ಮೇಲೂ ಸ್ಟ್ರೈಟ್‌ಎಡ್ಜ್ (ನೇರ ಪಟ್ಟಿ) ಇಡಿ, ಆರು ಇಂಚಿಗೆ 3 ಥೌ ಮೀರಿದ ತಗ್ಗಿದ್ರೆ ಫೇಸಿಂಗ್ (ಉಜ್ಜಿ ಮಟ್ಟಸ) ಮಾಡಿಸಿ. ಬೋರಲ್ಲಿ ಉಗುರಿಗೆ ಸಿಕ್ಕೋ ಗೀರು ಇದೆಯಾ ಅಂತ ಆಗಲೇ ನೋಡಿಕೊಳ್ಳಿ. ಮೆರೈನ್ ಗ್ಯಾಸ್ಕೆಟ್ಟೇ ತರಿಸಿ. ಹೆಡ್ ಬೋಲ್ಟ್ ನೀರಿನ ಜಾಕೆಟ್‌ಗೆ ಇಳಿಯೋದ್ರಿಂದ ಎಳೆಗೆ ಸೀಲಂಟ್ ಹಚ್ಚಿ, ನಡುವಿನಿಂದ ಹೊರಕ್ಕೆ ಮೂರು ಹಂತದಲ್ಲಿ ಮ್ಯಾನುಯಲ್‌ನ ಟಾರ್ಕ್‌ಗೆ ಬಿಗಿ ಮಾಡಿ. ಎಲ್ಬೋ ಎರಡೂ ಕಡೆ ಬದಲಿಸಿ.

ಗ್ಯಾಸ್ಕೆಟ್ ಸುಟ್ಟಿದ್ದು ಕೆಂಪುನೀರಿನಿಂದಲೇ ಇರಬೇಕು. ಆ ಮಣ್ಣು ನೀರಿನ ಪಂಪಿನ ಇಂಪೆಲರ್ ರೆಕ್ಕೆ ಸವೆಸುತ್ತೆ, ಬ್ಲಾಕಿನ ತಳದಲ್ಲಿ ಕೆಸರಾಗಿ ಕೂರುತ್ತೆ. ಎರಡೂ ಬದಿಯ ಡ್ರೈನ್ ಪ್ಲಗ್ ಬಿಚ್ಚಿ. ನೀರು ಬರದಿದ್ರೆ ತಂತಿ ಹಾಕಿ ಕೆದಕಿ, ದಪ್ಪಗೆ ಕೆಸರು ಇಳಿಯುತ್ತೆ. ಇಂಪೆಲರ್ ಪ್ರತಿ ಮಳೆಗಾಲದ ನಂತರ ಹೊಸದು.

ಸಾಗರ_ವರ್ಕ್‌ಶಾಪ್:
ಪ್ರೊಪೆಲರ್ ಕೂಡ ನೋಡಿ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಗಾಳಿ ತೆಳುವಾಗಿ ಸುಮಾರು ಶೇಕಡಾ 5 ಶಕ್ತಿ ಕಡಿಮೆ, ಕರಾವಳಿಗೆ ಹೊಂದಿಸಿದ ಪಿಚ್ (ಒಂದು ಸುತ್ತಿಗೆ ಪ್ರೊಪೆಲರ್ ಮುಂದೆ ಸಾಗೋ ಲೆಕ್ಕದ ದೂರ, ಇಂಚಲ್ಲಿ) ಇಲ್ಲಿ ಭಾರ. ಪೂರ್ತಿ ಥ್ರಾಟಲ್‌ಗೂ ಮ್ಯಾನುಯಲ್‌ನಲ್ಲಿರೋ ಆರ್‌ಪಿಎಂ ಮುಟ್ಟದಿದ್ರೆ ಪಿಚ್ ಇಳಿಸಿ. ಒಂದು ಇಂಚಿಗೆ 150ರಿಂದ 200 ಆರ್‌ಪಿಎಂ ಏರುತ್ತೆ.