ಥ್ರೋ-ಇನ್ ಸಿಕ್ಕಿತು ಅಂದರೆ ಚೆಂಡು ಹೋಯಿತು ಅಂತಲೇ ಲೆಕ್ಕ. ತಪ್ಪು ಯಾರದ್ದು?

ಬಲಬದಿ ಬ್ಯಾಕ್:
ನಿನ್ನೆ ಫುಟ್‌ಬಾಲ್ ಮ್ಯಾಚ್ ನೋಡಿದವರು ಹೇಳಿ. ನಮ್ಮ ತಂಡಕ್ಕೆ ಥ್ರೋ-ಇನ್ (ಪಕ್ಕದ ಲೈನ್ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ಸಿಕ್ಕಾಗೆಲ್ಲ ನನಗೆ ಎದೆ ಡವಡವ ಅನ್ನುತ್ತದೆ. ಲೆಫ್ಟ್ ಬ್ಯಾಕ್ ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿದು ನಿಲ್ಲುತ್ತಾನೆ. ಒಳಗೆ ಒಬ್ಬರೂ ಅಲುಗಾಡುವುದಿಲ್ಲ. ಕೊನೆಗೆ ವಿಂಗರ್ ಲೈನ್ ಪಕ್ಕದಲ್ಲೇ ಓಡಿ ಬರುತ್ತಾನೆ, ಬೆನ್ನಿಗೆ ಅಂಟಿಕೊಂಡೇ ಡಿಫೆಂಡರ್ ಬರುತ್ತಾನೆ. ಎಸೆತ ಕಾಲಿಗೆ ಬೀಳದೆ ಎದೆ ಎತ್ತರಕ್ಕೆ ಬರುತ್ತದೆ. ಅದನ್ನು ಹತೋಟಿಗೆ ತರುವಷ್ಟರಲ್ಲಿ ಮೂರು ಜನ ಸುತ್ತುವರಿದಿರುತ್ತಾರೆ. ಎರಡನೇ ಗೋಲು ಬಿದ್ದಿದ್ದು ಹೀಗೇ ಅಲ್ವಾ?

ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್ 2018ರಲ್ಲಿ ಡೆನ್ಮಾರ್ಕ್‌ನ ಥಾಮಸ್ ಗ್ರೋನೆಮಾರ್ಕ್ ಅವರನ್ನು ಬರೀ ಥ್ರೋ-ಇನ್ ಕಲಿಸಲಿಕ್ಕೇ ಕರೆಸಿತು. ಒತ್ತಡದಲ್ಲಿ ಎಸೆದ ಥ್ರೋಗಳಲ್ಲಿ ಚೆಂಡು ಉಳಿಸಿಕೊಳ್ಳುವ ಪ್ರಮಾಣ ಒಂದೇ ಸೀಸನ್‌ನಲ್ಲಿ ಶೇ 45.4ರಿಂದ 68.4ಕ್ಕೆ ಏರಿತು. ಈ ಥ್ರೋ ಲೆಕ್ಕದಲ್ಲಿ ಪ್ರೀಮಿಯರ್ ಲೀಗ್‌ನ 18ನೇ ಸ್ಥಾನದಲ್ಲಿದ್ದವರು ಮೊದಲ ಸ್ಥಾನಕ್ಕೆ ಬಂದರು. ಇದು ಅಭ್ಯಾಸದಿಂದ ಬರುವ ವಿದ್ಯೆ. ನಮ್ಮವರು ಅಭ್ಯಾಸ ಮಾಡುತ್ತಿಲ್ಲ, ಅಷ್ಟೇ.

ಮಿಡ್‌ಫೀಲ್ಡ್ ಮಂಜ:
"ಒಂದೇ ಸೀಸನ್" ಅಂತೀರಲ್ಲ, ಆಗ ಇನ್ನೇನೇನು ಬದಲಾಯಿತು ಅನ್ನುವುದನ್ನೂ ಹೇಳಿ. 2018ರ ಜನವರಿಯಲ್ಲಿ ಡಿಫೆಂಡರ್ ವಾನ್ ಡೈಕ್ ಬಂದರು. ಆ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್, ಮಿಡ್‌ಫೀಲ್ಡರ್ ಫಬಿನ್ಯೊ ಬಂದರು. ಅಂಥವರಿದ್ದರೆ ಎಲ್ಲಿಗೆ ಎಸೆದರೂ ಚೆಂಡು ಉಳಿಯುತ್ತದೆ. ಆ ಶೇಕಡಾ ಲೆಕ್ಕವನ್ನು ಸಂದರ್ಶನಗಳಲ್ಲಿ ಹೇಳುತ್ತಾ ಬಂದಿರುವುದೂ ಆ ಕೋಚೇ.

ಬಲಬದಿ ಬ್ಯಾಕ್:
"ಎಲ್ಲಿಗೆ ಎಸೆದರೂ" ಉಳಿಯುವುದಿಲ್ಲ ಗುರು. ಎಸೆಯುವವನು ಮೈದಾನದ ಹೊರಗೆ ನಿಂತಿರುತ್ತಾನೆ. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಒಳಗೆ ನಾವು ಒಂಬತ್ತು, ಅವರು ಹತ್ತು. ಒಂದು ಕಡೆ ಲೈನ್ ಬೇರೆ, ಆ ಕಡೆ ತಿರುಗುವ ಹಾಗೇ ಇಲ್ಲ. ಎಷ್ಟು ದೊಡ್ಡ ಆಟಗಾರನೇ ಆಗಲಿ, ನಿಂತಲ್ಲೇ ನಿಂತರೆ ಸಿಕ್ಕಿಬೀಳುತ್ತಾನೆ. ಒಬ್ಬ ಚೆಂಡಿನ ಕಡೆ ಓಡಿಬಂದು ತನ್ನನ್ನು ಕಾಯುವ ಎದುರಾಳಿಯನ್ನು, ಅಂದರೆ ಮಾರ್ಕರ್‌ನನ್ನು, ಎಳೆದು ತರಬೇಕು. ಖಾಲಿಯಾದ ಜಾಗಕ್ಕೆ ಇನ್ನೊಬ್ಬ ನುಗ್ಗಬೇಕು. ನಿನ್ನೆ ಒಂದು ಸಲವಾದರೂ ಇದನ್ನು ನೋಡಿದಿರಾ?

ಹಳೇ ಗೋಲ್‌ಕೀಪರ್:
ಸಿಕ್ಕಿಬೀಳುತ್ತಾನೆ ಅಂತಿದ್ದರೆ ಹಿಂದಕ್ಕೆ ಎಸೆಯಿರಿ. ಗೋಲ್‌ಕೀಪರ್ ಕೈಯಲ್ಲಿ ಹಿಡಿದು ಆರಾಮಾಗಿ ಆಚೆ ಬದಿಗೆ ಕೊಡುತ್ತಾನೆ. ನಾವು ಆಡುವಾಗ ಹಾಗೇ ಮಾಡುತ್ತಿದ್ದೆವು. ಇದಕ್ಕೆಲ್ಲ ಬೇರೆ ಕೋಚ್ ಬೇಕಾ?

ರೆಫ್ರಿ ಶಿಳ್ಳೆ:
ಕೈಯಲ್ಲಾ? ಸಾರ್, ತನ್ನ ತಂಡದವನೇ ಎಸೆದ ಥ್ರೋವನ್ನು ಗೋಲ್‌ಕೀಪರ್ ನೇರವಾಗಿ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಬ್ಯಾಕ್‌ಪಾಸ್ ನಿಯಮ (ತನ್ನವರು ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯಬಾರದು ಅನ್ನುವುದು) 1992ರಲ್ಲಿ ಬಂತು, 1997ರಲ್ಲಿ ಥ್ರೋ-ಇನ್‌ಗೂ ಅನ್ವಯವಾಯಿತು. ಹಿಡಿದರೆ ಗೋಲ್ ಮುಂದಿನ ನಿಮ್ಮದೇ ಬಾಕ್ಸ್ ಒಳಗೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಒದೆತ).

ಹಳೇ ಗೋಲ್‌ಕೀಪರ್:
ಸರಿ, ಕಾಲಲ್ಲಿ ಆಡಲಿ. ನಾನು ಹೇಳಿದ್ದು ಹಿಂದಕ್ಕೆ ಎಸೆಯಿರಿ ಅಂತ. ಕೈಯೋ ಕಾಲೋ, ಅದು ಮುಖ್ಯ ಅಲ್ಲ.

ರೆಫ್ರಿ ಶಿಳ್ಳೆ:
"ಮುಖ್ಯ ಅಲ್ಲ"ವಾ? 2002ರ ಸೆಪ್ಟೆಂಬರ್, ಬರ್ಮಿಂಗ್‌ಹ್ಯಾಮ್ ಸಿಟಿ ಮತ್ತು ಆಸ್ಟನ್ ವಿಲ್ಲಾ ಮ್ಯಾಚ್ ನೆನಪಿಸಿಕೊಳ್ಳಿ. ವಿಲ್ಲಾದ ಮೆಲ್ಬರ್ಗ್ ತನ್ನ ಗೋಲ್‌ಕೀಪರ್ ಎಂಕಲ್‌ಮನ್‌ಗೇ ಥ್ರೋ ಎಸೆದರು. ಎಂಕಲ್‌ಮನ್ ಕಾಲಲ್ಲಿ ನಿಲ್ಲಿಸಲು ಹೋದರು. ಚೆಂಡು ಬೂಟಿನಡಿಯಿಂದ ಜಾರಿ ಸ್ವಂತ ಗೋಲಿಗೇ ಹೋಯಿತು. ವಿಲ್ಲಾ 3-0 ಸೋತಿತು. ನೀವು ಹೇಳುವ "ಆರಾಮ" ಇದೇನಾ?

ಹಳೇ ಗೋಲ್‌ಕೀಪರ್:
ಅದು ಗೋಲೇ ಅಲ್ಲ! ಥ್ರೋ ನೇರವಾಗಿ ಸ್ವಂತ ಗೋಲಿಗೆ ಹೋದರೆ ಎದುರಾಳಿಗೆ ಕಾರ್ನರ್ ಕಿಕ್ (ಮೈದಾನದ ಮೂಲೆಯಿಂದ ಒದೆತ) ಕೊಡಬೇಕು. ಆವಾಗಿಂದ ನಿಯಮ ನಿಯಮ ಅಂತೀರಿ, ಇಷ್ಟೂ ಗೊತ್ತಿಲ್ವಾ? ಎಂಕಲ್‌ಮನ್ ಕಾಲಿಗೆ ಚೆಂಡು ತಾಗಲೇ ಇಲ್ಲ.

ರೆಫ್ರಿ ಶಿಳ್ಳೆ:
ತಾಗಿದೆ ಅಂತ ರೆಫ್ರಿ ಡೇವಿಡ್ ಎಲೆರೆ ತೀರ್ಮಾನ ಕೊಟ್ಟರು. ತಾಗಿದರೆ ಗೋಲು. ಮುಗಿಯಿತಲ್ಲ.

ಹಳೇ ಗೋಲ್‌ಕೀಪರ್:
ಮುಗಿಯಲಿಲ್ಲ. ತಾಗಿಲ್ಲ ಅಂತ ಎಂಕಲ್‌ಮನ್ ಅವರೇ ಹೇಳಿದ್ದಾರೆ. ಗೋಲ್‌ಪೋಸ್ಟ್ ನಡುವೆ ನಿಂತು ನೋಡಿದವರಿಗೆ ಗೊತ್ತಾಗುತ್ತದೆ, ಶಿಳ್ಳೆ ಊದುವವರಿಗೆ ಅಲ್ಲ.

ರೆಫ್ರಿ ಶಿಳ್ಳೆ:
ಗೋಲು ಬಿಟ್ಟುಕೊಟ್ಟ ಕೀಪರ್ ಇನ್ನೇನು ಹೇಳುತ್ತಾರೆ? ವೈಯಕ್ತಿಕವಾಗಿ ಮಾತಾಡಬೇಡಿ. ಈ ನಿಯಮ ಓದಿಕೊಂಡೇ ನಾನು ಮೈದಾನಕ್ಕೆ ಇಳಿಯುವವನು.

ಶ್ವೇತಾ ವಿಂಗರ್:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಾರ್ನರ್ ನಿಯಮ ಗೊತ್ತಿದ್ದ ಕೀಪರ್ ಆ ಚೆಂಡನ್ನು ಮುಟ್ಟಲು ಹೋಗದೆ ಸುಮ್ನೆ ಬಿಡಬೇಕಿತ್ತು. ನಿಯಮ ಗೊತ್ತಿದ್ದರೆ ಲಾಭ ಜಾಸ್ತಿ. ನೇರವಾಗಿ ಥ್ರೋ-ಇನ್‌ನಿಂದ ಬಂದ ಚೆಂಡಿಗೆ ಆಫ್‌ಸೈಡ್ (ಎದುರಾಳಿ ಡಿಫೆನ್ಸ್ ದಾಟಿ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ. ಒಬ್ಬಳನ್ನು ಅವರ ಡಿಫೆನ್ಸ್ ಬೆನ್ನ ಹಿಂದೆ ನಿಲ್ಲಿಸಿದರೆ ಅವರ ಕೊನೆ ಸಾಲು ಮುಂದೆ ಬರಲು ಹೆದರುತ್ತದೆ. ನಡುವೆ ಜಾಗ ತೆರೆಯುತ್ತದೆ. ನಮ್ಮ ತಂಡದಲ್ಲಿ ನಾವು ಇದನ್ನೇ ಮಾಡುತ್ತೇವೆ.

ಹಳೇ ಗೋಲ್‌ಕೀಪರ್:
"ಸುಮ್ನೆ ಬಿಡಬೇಕಿತ್ತು" ಅಂತ ಹೇಳುವುದು ಸುಲಭ ಮೇಡಂ. ಪಕ್ಕದಲ್ಲಿ ಸ್ಟ್ರೈಕರ್ ಓಡಿ ಬರುತ್ತಿದ್ದರೆ ಯಾವ ಕೀಪರ್ ಬಿಡುತ್ತಾನೆ?

ಮಿಡ್‌ಫೀಲ್ಡ್ ಮಂಜ:
ಚೆಂಡು ಉಳಿಸಿಕೊಳ್ಳುವ ಈ ಹಟವೇ ಬೇಡ ಅಂತೀನಿ. ಸ್ಟೋಕ್ ಸಿಟಿಯ ರೋರಿ ಡೆಲಪ್ ಏನು ಮಾಡಿದರು? ಸೀದಾ ಬಾಕ್ಸ್ ಒಳಗೆ ಎಸೆದರು. 2008ರ ನವೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ 2-1 ಗೆದ್ದರಲ್ಲ, ಆ ಎರಡೂ ಗೋಲು ಅವರ ಥ್ರೋಗಳಿಂದಲೇ ಬಂದವು. ಹಲ್ ಸಿಟಿಯ ಕೀಪರ್ ಮೈಹಿಲ್ ಅಂತೂ ಡೆಲಪ್‌ಗೆ ಥ್ರೋ ಕೊಡುವುದಕ್ಕಿಂತ ಕಾರ್ನರ್ ಕೊಡುವುದೇ ವಾಸಿ ಅಂತ ಚೆಂಡನ್ನು ತನ್ನ ಗೋಲ್‌ಲೈನ್ ಆಚೆಗೇ ಒದ್ದರು.

ಬಲಬದಿ ಬ್ಯಾಕ್:
"ಸೀದಾ ಬಾಕ್ಸ್ ಒಳಗೆ" ಎಸೆಯಲು ಥ್ರೋ ಅವರ ಬಾಕ್ಸ್ ಹತ್ತಿರ ಸಿಗಬೇಕು. ನಿನ್ನೆ ನಾವು ಚೆಂಡು ಕಳೆದುಕೊಂಡಿದ್ದು ನಮ್ಮ ಅರ್ಧದಲ್ಲಿ! ಅಲ್ಲಿಂದ ಡೆಲಪ್ ಎಸೆದರೂ ಮಧ್ಯದ ಗೆರೆ ಹತ್ತಿರ ಬೀಳುತ್ತದೆ. ನಾನು ಕೇಳಿದ್ದು ನಮ್ಮ ತಂಡದ ಬಗ್ಗೆ. ನೀವೆಲ್ಲ 2002ಕ್ಕೆ ಹೋಗಿ ಕೂತಿದ್ದೀರಿ. ಆ ಎರಡನೇ ಗೋಲಿನ ವಿಡಿಯೋ ಇನ್ನೊಂದು ಸಲ ನೋಡಿ. ಥ್ರೋ ಎಸೆಯುವ ಹೊತ್ತಿಗೆ ನಮ್ಮ ಡಿಫೆನ್ಸಿವ್ ಮಿಡ್‌ಫೀಲ್ಡರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾನೆ. ನಾಲ್ಕು ಹೆಜ್ಜೆ ಒಳಗೆ ಬಂದಿದ್ದರೆ ವಿಂಗರ್ ಅವನಿಗೆ ತಟ್ಟಿ ಕೊಡಬಹುದಿತ್ತು. ಅಥವಾ ಚೆಂಡು ವಾಪಸ್ ಎಸೆದವನಿಗೇ ಬರಬಹುದಿತ್ತು. ಅವನ ಮೇಲೆ ಒಬ್ಬ ಮಾರ್ಕರ್ ಕೂಡ ಇರಲಿಲ್ಲ.

ಮಿಡ್‌ಫೀಲ್ಡ್ ಮಂಜ:
ಸೊಂಟದ ಮೇಲೆ ಕೈ ಇಟ್ಟರೆ ತಪ್ಪಾ? ಅವನಷ್ಟು ಓಡಿದವರು ನಿನ್ನೆ ಯಾರೂ ಇಲ್ಲ. ಸುಸ್ತಾಗಿತ್ತು. ಎಸೆತ ಎದೆಗೆ ಬಂದಿದ್ದಕ್ಕೂ ಅವನನ್ನೇ ಬೈಯುತ್ತೀರಾ?

ರೆಫ್ರಿ ಶಿಳ್ಳೆ:
ಆ ಥ್ರೋದಲ್ಲಿ ಎಸೆದವನ ಹಿಂಗಾಲೂ ಪೂರ್ತಿ ಮೇಲೆದ್ದಿತ್ತು. ಅದೇ ಫೌಲ್ ಥ್ರೋ. ಶಿಳ್ಳೆ ಊದಿದ್ದರೆ ಆ ಗೋಲೇ ಆಗುತ್ತಿರಲಿಲ್ಲ.

ಶ್ವೇತಾ ವಿಂಗರ್:
ಸುಸ್ತಾಗಿದ್ದರೆ ಬೆಂಚ್ ಮೇಲೆ ಇಬ್ಬರು ಮಿಡ್‌ಫೀಲ್ಡರ್‌ಗಳು ಕೂತಿದ್ದರಲ್ಲ, ಯಾಕೆ ಇಳಿಸಲಿಲ್ಲ? ಮಂಜ ಅವರೇ, ಓಡಿದ್ದು ಎಷ್ಟು ಅನ್ನುವುದು ಬಿಡಿ. ಥ್ರೋ ಎಸೆಯುವ ಆ ಎರಡು ಕ್ಷಣದಲ್ಲಿ ಅವನು ಓಡಲಿಲ್ಲ. ಅದಕ್ಕೆ ಉತ್ತರ ಕೊಡಿ.